ಚಪ್ಪಟೆ ಭೂಮಿಯ ಸೂರ್ಯನೂ ನಮ್ಮ ಭಾವನೂ

ಈವತ್ತು ಬೆಳಿಗ್ಗೆ ನಲ್ಲಿ ತಿರುಗಿಸಿದೊಡನೆ ಸೋಲಾರಿನ ಬಿಸಿನೀರು ಕೈಗೆ ಚುರುಕ್ಕೆಂದಿತು. ಹಾಗೆ ಬಿಸಿ ತಾಗಿದಾಗಲೆಲ್ಲ ನನಗೆ ಭಾವ ನೆನಪಾಗುತ್ತಾರೆ. ನಮ್ಮ ಅಕ್ಕನ ಯಜಮಾನರು. ಕುಶಾಲನಗರದಿಂದ ಮಾದಾಪುರದ ತನಕ ಮನೆಮನೆಯ ತಾರಸಿ ಹತ್ತಿ ಸೋಲಾರ್ ಕೂರಿಸುವವರು. ನಮ್ಮ ಕೊಡಗಿನ ಮಳೆಯಲ್ಲಿ ಬಿಸಿಲನ್ನು ನಂಬಿ ಬದುಕಲು ಎಂಥ ಗುಂಡಿಗೆ ಬೇಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಭಾವ ಕೆಲವು ವರ್ಷಗಳ ಹಿಂದೆ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದಾಗ, ಮೊಬೈಲಿನಲ್ಲಿ ವಿಡಿಯೊ ನೋಡಿನೋಡಿ ಭೂಮಿ ಚಪ್ಪಟೆ ಎಂದು ನಂಬಿಬಿಟ್ಟರು. ಅದನ್ನೇ ನಂಬುವವರ ವಾಟ್ಸಾಪ್ ಗುಂಪೊಂದಕ್ಕೂ ಸೇರಿದರು. ಅವರ ಪ್ರಕಾರ ಸೂರ್ಯ ದೂರದ ದೊಡ್ಡ ಗೋಳವಲ್ಲ, ತಲೆಯ ಮೇಲೆ ಹತ್ತಿರದಲ್ಲೇ ಸುತ್ತುವ ಸಣ್ಣ ದೀಪ. ಅಕ್ಕನೋ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್! ಸುದ್ದಿ ಹರಡಿ, ನೆಂಟರು ಅವಳ ಮುಖ ನೋಡಿ ನಗತೊಡಗಿದರು.

ನಾನು ವಾದಕ್ಕಿಳಿದೆ. ಭಾವ ತಣ್ಣಗೆ, ನಿನ್ನ ದೊಡ್ಡ ಸೂರ್ಯನಲ್ಲಿ ಉರಿಯುವುದೇನು ಎಂದು ಕೇಳಿದರು. ಗ್ಯಾಸ್ ಎಂದೆ. ಇಷ್ಟು ಕಾಲವಾದರೂ ಮುಗಿಯದ ಸಿಲಿಂಡರ್ ಯಾವುದಪ್ಪಾ ಎಂದರು. ಪದವೀಧರನಾದ ನಾನು ಕಾಫಿ ಲೋಟದೊಳಗೆ ಮುಖ ಹುದುಗಿಸಿದೆ.

ಅಕ್ಕ ವಾದ ಮಾಡಲಿಲ್ಲ. ಬಟ್ಟೆ ಮಡಿಸುತ್ತಲೇ ಹೇಳಿದಳು: "ನಿಮ್ ಸಣ್ಣ ಸೂರ್ಯ ಯಾವುದ್ರಿಂದ ಉರಿಯುತ್ತೆ? ನಿಮ್ ಗುಂಪಲ್ಲೇ ಕೇಳಿ ರೀ. ಏನಂತಾರೋ ನಂಗೂ ಹೇಳಿ."

ಭಾವ ಕೇಳಿದರು. ಆಕಾಶದಲ್ಲೇ ಕರೆಂಟ್ ಹರಿಯುತ್ತದೆ, ಅದರಿಂದ ಬೆಳಗುತ್ತದೆ ಎಂದ ಒಬ್ಬ. ಭೂಮಿಗೆ ಮುಚ್ಚಳದಂತಿರುವ ಗುಮ್ಮಟದಾಚೆಯ ಬೆಳಕು ಒಂದೆಡೆ ಕೂಡಿ ಕಾಣುತ್ತದೆ ಎಂದ ಇನ್ನೊಬ್ಬ. ಅದು ದೇವರ ಬೆಳಕು, ಮೂಲ ಕೇಳಬಾರದು ಎಂದ ಮತ್ತೊಬ್ಬ. ಆ ಕರೆಂಟ್ ಬರುವುದಾದರೂ ಎಲ್ಲಿಂದ ಎಂದು ಭಾವ ಪಟ್ಟು ಬಿಡದೆ ಕೇಳಿದರು. ವಿಜ್ಞಾನಿಗಳೇನು ಹೋಗಿ ನೋಡಿದ್ದಾರಾ ಎಂಬ ಮರುಪ್ರಶ್ನೆ ಬಂತು. ಮತ್ತೆ ಕೇಳಿದ್ದಕ್ಕೆ, ನೀನು ಅವರ ಕಡೆಯವನು ಎಂದು ಗುಂಪಿನಿಂದಲೇ ತೆಗೆದುಹಾಕಿದರು.

ಭಾವನಿಗೆ ಊಟ ಸೇರಲಿಲ್ಲ. ನೋವಿನ ದಿನಗಳಲ್ಲಿ ದಿನಾ ಬೆಳಿಗ್ಗೆ ಹೇಗಿದ್ದೀರಿ ಎಂದು ವಿಚಾರಿಸುತ್ತಿದ್ದವರು ಆ ಗುಂಪಿನವರೇ ತಾನೆ. ಅಕ್ಕ ಗೆದ್ದವಳ ಮುಖ ಮಾಡದೆ ಸುಮ್ಮನೆ ಪಕ್ಕದಲ್ಲಿ ಕೂತಳು. ಕೊನೆಗೆ ಅವರೇ ಬಾಯಿಬಿಟ್ಟರು: "ಸರಿ, ನಿನ್ ಸೂರ್ಯನ ಕತೆ ಹೇಳು. ನಿನ್ ತಮ್ಮನ ಥರ ಗ್ಯಾಸ್ ಅನ್ಬೇಡ."

"ಅದು ಉರಿಯೋದೇ ಅಲ್ಲ ರೀ, ಬೆಸೆಯೋದು" ಎಂದಳು ಅಕ್ಕ. ಸೂರ್ಯನ ಒಡಲಾಳದಲ್ಲಿ ಹೈಡ್ರೋಜನ್ನಿನ ಕಣಗಳು ಬೆಸೆದು ಹೀಲಿಯಂ ಆಗುತ್ತವೆ, ಆಗ ಕಡಿಮೆಯಾಗುವ ಚೂರು ತೂಕವೇ ಬೆಳಕೂ ಶಾಖವೂ ಆಗಿ ಹೊರಡುತ್ತದೆ, ಹಾಗೆ ಬೆಸೆಯಬೇಕಾದರೆ ಮೇಲಿನಿಂದ ಅಗಾಧ ಭಾರ ಅದುಮುತ್ತಿರಬೇಕು ಎಂದು ತರಗತಿಯಲ್ಲಿ ಹೇಳುವಂತೆ ನಿಧಾನವಾಗಿ ಹೇಳಿದಳು.

ಭಾವ ಅಂದರು: "ಹಂಗಾದ್ರೆ ಸಣ್ಣ ಸೂರ್ಯನ ಕೈಲಿ ಇದಾಗಲ್ಲ."

"ಆಗಲ್ಲ."

ಅಷ್ಟು ದೊಡ್ಡದು ಹತ್ತಿರವಿದ್ದರೆ ನಾವ್ಯಾರೂ ಉಳಿಯುತ್ತಿರಲಿಲ್ಲ. ದೂರವಿದ್ದರೆ ತಲೆಯ ಮೇಲೆ ಸುತ್ತುವ ದೀಪದ ಮಾತಿಗೇ ಅರ್ಥವಿಲ್ಲ; ಆ ದೀಪವಿಲ್ಲದೆ ಚಪ್ಪಟೆ ಭೂಮಿಯ ಮೇಲೆ ಒಂದೆಡೆ ಹಗಲು, ಇನ್ನೊಂದೆಡೆ ರಾತ್ರಿ ಆಗುವುದೂ ಇಲ್ಲ. ಇದನ್ನು ಅಕ್ಕ ಹೇಳಲಿಲ್ಲ. ಭಾವನೇ ಒಂದೊಂದಾಗಿ ಬಿಡಿಸಿಕೊಂಡರು. ತಮ್ಮ ನಂಬಿಕೆಯನ್ನು ತಾವೇ ಹೀಗೆ ಬಿಚ್ಚಿ ನೋಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ಭಾನುವಾರ ಚೆಟ್ಟಳ್ಳಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಯಾರೋ ಹಳೆಯದನ್ನು ಕೆದಕಿ, ಭೂಮಿ ಇನ್ನೂ ಚಪ್ಪಟೆಯಾಗಿದೆಯೋ ಎಂದು ಎಲ್ಲರಿಗೂ ಕೇಳುವಂತೆ ಭಾವನನ್ನು ವಿಚಾರಿಸಿದರು. ಅಕ್ಕ ತಲೆ ತಗ್ಗಿಸಿದಳು.

"ಇಲ್ಲ," ಎಂದರು ಭಾವ, ಅನ್ನಕ್ಕೆ ಸಾರು ಕಲಸುತ್ತ. "ನಾನು ತಪ್ಪು ತಿಳ್ಕೊಂಡಿದ್ದೆ. ಇವಳು ಹೇಳ್ಕೊಟ್ಲು."

ಪಂಕ್ತಿಯಲ್ಲಿ ಯಾರೂ ನಗಲಿಲ್ಲ. ಅಕ್ಕ ತಲೆಯೆತ್ತಿ ಅವರನ್ನು ನೋಡಿದಳು. ನನ್ನ ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರು, ಅವರು ಯಾರು ಎಂದು ಪಿಸುಗುಟ್ಟಿದರು.

"ನಮ್ಮ ಭಾವ" ಎಂದೆ, ಬೇಕಾದದ್ದಕ್ಕಿಂತ ತುಸು ಗಟ್ಟಿಯಾಗಿಯೇ.