ವಕೀಲನ ತೇಗು

ನನ್ನ ನಾದಿನಿಗೆ, ಅಂದರೆ ಹೆಂಡತಿಯ ತಂಗಿಗೆ, ಒಂದು ಕಡೆ ಕೂತು ಅಭ್ಯಾಸವಿಲ್ಲ. ಮದುವೆ ಮನೆಗೆ ಹೋದರೂ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ, ಬಸ್ಸು ಬಂದೇಬಿಟ್ಟಿತು ಎನ್ನುವವಳ ಹಾಗೆ ಕೂರುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವರಮ್ಮ ಹೇಳುತ್ತಿದ್ದರು. ಇಂಥವಳಿಗೆ ಮನೆಮನೆಗೂ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ ಸಿಕ್ಕಿದ್ದು, ಹಸಿದವನಿಗೆ ಹೋಟೆಲಿನಲ್ಲೇ ನೌಕರಿ ಸಿಕ್ಕಂತಾಯಿತು. ನಾಯಿಗಳಿವೆ, ಮೆಟ್ಟಿಲುಗಳಿವೆ ಎಂದು ಉಳಿದವರು ಒಲ್ಲೆನೆಂದ ಬೀದಿಗಳನ್ನೆಲ್ಲ ತಾನೇ ಕೇಳಿ ಹಾಕಿಸಿಕೊಂಡಳು. ಜನರನ್ನು ಅವಳು ಮುಖದಿಂದ ಗುರುತಿಸುವುದಿಲ್ಲ. “ಮೆಟ್ಟಿಲ ಕೆಳಗೆ ಮೀಟರ್ ಇಟ್ಕೊಂಡು ಅದರ ಮುಂದೆ ಸೈಕಲ್ ನಿಲ್ಸಿರ್ತಾರಲ್ಲ, ಅವರು” ಎನ್ನುತ್ತಾಳೆ. ಬೀದಿಯ ಬಾಯಲ್ಲಿ ಅವಳು ಮೀಟರಕ್ಕ. ಹೊಟ್ಟೆಯಲ್ಲಿ ಎರಡಿವೆ ಎಂದು ಡಾಕ್ಟರು ಹೇಳಿದ ಮೇಲೂ ನಡೆದಳು. ಹೊಟ್ಟೆ ಅಡ್ಡ ಬಂದು, ಬಗ್ಗಿ ಓದುವ ಮೀಟರುಗಳು ಕಾಣದೇ ಹೋದಾಗಲೇ ಮನೆಯಲ್ಲಿ ಕೂತದ್ದು.

ಕೂತವಳು ಕೂತೇ ಬಿಟ್ಟಳು.

ಹುಟ್ಟಿದ್ದು ಎರಡೂ ಗಂಡು. ಒಂದು ಕೊಟ್ಟಷ್ಟು ಕುಡಿದು, ಬೀದಿಗೆ ಕೇಳುವಂತೆ ತೇಗಿ, ಕೈ ಚೆಲ್ಲಿ ಮಲಗುತ್ತದೆ. ಅದಕ್ಕೆ ಸಾಹುಕಾರ ಎಂದು ಹೆಸರಾಯಿತು. ಇನ್ನೊಂದು ಗಾತ್ರದಲ್ಲಿ ಸಣ್ಣದು, ಸದಾ ಹುಬ್ಬು ಗಂಟಿಕ್ಕಿಕೊಂಡು ಎಲ್ಲದಕ್ಕೂ ತಕರಾರು. ಅದು ವಕೀಲ. ಎದೆಹಾಲು ಒಬ್ಬನಿಗೇ ಸಾಲದೆ ಕೊನೆಗೆ ನಿಂತೂ ಹೋದದ್ದರಿಂದ ಡಾಕ್ಟರು ಡಬ್ಬಿ ಹಾಲು ಹೇಳಿದರು. ನೋಡಲು ಬಂದವರು “ಅಯ್ಯೋ, ಪೌಡರ್ ಹಾಲಾ” ಎಂದು ಮೂಗಿನ ಮೇಲೆ ಬೆರಳಿಟ್ಟರು. ಇವಳು ವಾದಕ್ಕೆ ಹೋಗದೆ, ಬಾಟಲಿಯನ್ನು ಕಣ್ಣಿನ ನೇರಕ್ಕೆ ಹಿಡಿದು, ಮೀಟರ್ ಓದುವ ಮುಖ ಮಾಡಿಕೊಂಡು, ನೀರು ಗೆರೆ ಮುಟ್ಟಿದೆಯೇ ಎಂದು ನೋಡುತ್ತಿದ್ದಳು.

ಮಕ್ಕಳ ತಂದೆ, ನನ್ನ ಷಡ್ಡಕ, ಹಡಗಿನಲ್ಲಿ ಅಡುಗೆಯವನು. ಹಡಗಿನ ತುಂಬ ಜನಕ್ಕೆ ಹೊತ್ತುಹೊತ್ತಿಗೆ ಬಡಿಸುವ ಪುಣ್ಯಾತ್ಮ, ಮನೆಯಲ್ಲಿ ಇಬ್ಬರಿಗೆ ಹಾಲು ಕುಡಿಸಬೇಕಾದಾಗ ನಡುಗಡಲಿನಲ್ಲಿದ್ದ. ಮನೆಯಲ್ಲಿ ಅವನ ತಾಯಿ ಇದ್ದರು. ಅವರಿಗೆ ಬಾಯಿ ಗಟ್ಟಿ, ಮಂಡಿ ಮಾತ್ರ ಕೈಕೊಟ್ಟಿತ್ತು. ಕೂತಲ್ಲಿಗೆ ಒಂದು ಮಗು ತಂದುಕೊಟ್ಟರೆ ನೋಡಿಕೊಳ್ಳುತ್ತಿದ್ದರು. ಎತ್ತಿಕೊಂಡು ಏಳುವುದು ಆಗದು.

ಹಾಲು ಕುಡಿಸುವುದು ಎಂದರೆ ಬಾಯಿಗೆ ಬಾಟಲಿ ಇಡುವುದು ಎಂದು ನಾನು ತಿಳಿದಿದ್ದೆ. ಕುದಿಸಿ ಆರಿಸಿದ ನೀರು ಮೊದಲು, ಆಮೇಲೆ ಪುಡಿ. ಪುಡಿಯನ್ನು ಚಮಚದಲ್ಲಿ ಒತ್ತಿ ತುಂಬುವಂತಿಲ್ಲ, ಗೋಪುರ ಕಟ್ಟುವಂತಿಲ್ಲ. ಮಣಿಕಟ್ಟಿನ ಮೇಲೆ ತೊಟ್ಟಿಕ್ಕಿಸಿ ಬಿಸಿ ನೋಡಬೇಕು. ಬಾಟಲಿ ಓರೆಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಮಗು ಹಾಲಿನ ಜೊತೆ ಗಾಳಿಯನ್ನೂ ಕುಡಿಯುತ್ತದೆ. ಅರ್ಧ ಕುಡಿದ ಮೇಲೆ ನಿಲ್ಲಿಸಿ ತೇಗು ತರಿಸಬೇಕು, ಉಳಿದರ್ಧ ಕುಡಿಸಿ ಮತ್ತೆ ತರಿಸಬೇಕು, ಆಮೇಲೂ ತುಸು ಹೊತ್ತು ನೆಟ್ಟಗೆ ಎತ್ತಿಕೊಂಡಿರಬೇಕು. ಅಷ್ಟರಲ್ಲಿ ಇನ್ನೊಂದು ಅಳುತ್ತದೆ. ಅದರ ಸೇವೆ ಮುಗಿದು, ಬಾಟಲಿ ತೊಳೆದು ಕುದಿಯಲು ಇಟ್ಟರೆ ಮೊದಲನೆಯದಕ್ಕೆ ಹಸಿವು. ಇಬ್ಬರಿಗೂ ಒಟ್ಟಿಗೆ ಕುಡಿಸಲು ನೋಡಿದಳು. ಕುಡಿದವು, ಆದರೆ ತೇಗು ತರಿಸಲು ಎರಡು ಜೊತೆ ಕೈ ಬೇಕಾಯಿತು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ, ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಹಾರಿತು. ಮಂಚದಿಂದ ಒಲೆಗೆ, ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ. ಊರು ಸುತ್ತಿದ ಹೆಣ್ಣು ಎರಡು ಕೋಣೆಯಲ್ಲಿ ಗಾಣದ ಎತ್ತಾದಳು.

ನಾನು ನಗೆಬರಹ ಬರೆಯುವವನು. ಅಂದರೆ ಸುಮ್ಮನೆ ಕೂತಿರುವವನು ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಅವಳು ಬೆಳಗಿನಿಂದ ಸಂಜೆಯವರೆಗೆ ಶಾಲೆಯಲ್ಲಿ ಪಾಠ ಮಾಡುತ್ತಾಳೆ. “ಇಲ್ಲಿ ಕೂರೋದನ್ನ ಅಲ್ಲಿ ಹೋಗಿ ಕೂತ್ಕೊಳ್ಳಿ. ತರಕಾರಿ ಆದ್ರೂ ತಗೊಂಡ್ ಹೋಗಿ ಕೊಡಿ” ಎಂದಳು.

ಹಾಗೆ ಒಂದು ದಿನ ತರಕಾರಿ ಚೀಲ ಹೊತ್ತು, ಮೂರನೆಯ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬಾಗಿಲು ತಟ್ಟಿದೆ. ತಟ್ಟಿದ ಕೂಡಲೇ ತೆರೆಯಿತು. ನಾದಿನಿ ಬಾಗಿಲಿಗೆ ಅಂಟಿಕೊಂಡಂತೆ ಒಳಗೆ ನಿಂತಿದ್ದಳು. ಹೆಗಲ ಮೇಲೆ ವಕೀಲ, ಕಾಲಲ್ಲಿ ಚಪ್ಪಲಿ.

“ಎಲ್ಲಿಗಮ್ಮ ಹೊರಟಿದ್ದು?”

“ಎಲ್ಲಿಗೂ ಇಲ್ಲ ಭಾವ. ಹಾಕ್ಕೊಂಡೆ, ಅಷ್ಟೆ.”

“ಹಾಕ್ಕೊಂಡು?”

“ನಿಂತ್ಕೊಂಡಿದ್ದೆ.”

ಒಳಗಿನಿಂದ ಅವಳ ಅತ್ತೆಯ ದನಿ ಬಂತು. “ದಿನಾ ಅದೇ ಕತೆ. ನಾನೂ ಮೂರು ಹೆತ್ತಿದೀನಪ್ಪ. ಹೊಸ್ತಿಲು ದಾಟಿದವಳಲ್ಲ.”

ನಾದಿನಿ ಏನೂ ಹೇಳಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. ನನ್ನ ಬರಹ, ನನ್ನ ಹೊಟ್ಟೆ, ನಾನು ಮೆಟ್ಟಿಲು ಹತ್ತುವ ಚಂದ, ಯಾವುದನ್ನೂ ಆಡಿಕೊಳ್ಳದೆ ಬಿಟ್ಟವಳಲ್ಲ ಅವಳು. ಈಗ ಚಪ್ಪಲಿ ಬಿಟ್ಟು, ಮಗುವಿನ ಬೆನ್ನು ತಟ್ಟುತ್ತ ಕಿಟಕಿಯ ಹತ್ತಿರ ಹೋದಳು. ಕೆಳಗೆ ಬೀದಿಯಲ್ಲಿ ಅವಳ ಜಾಗಕ್ಕೆ ಬಂದ ಹುಡುಗಿ ಒಂದೊಂದೇ ಗೇಟು ತೆರೆದು ಹೋಗುತ್ತಿದ್ದಳು.

“ಇಲ್ಲೇ ಬೀದಿ ಕೊನೇವರೆಗೂ ಹೋಗಿ ಬರಬೇಕು ಅನ್ಸತ್ತೆ” ಎಂದಳು. “ಕೈ ಬೀಸ್ಕೊಂಡು. ಹೆಗಲ ಮೇಲೆ ಏನೂ ಇಲ್ದೆ.”

“ಅದಕ್ಕೇನಂತೆ? ಹೋಗಿ ಬಾ, ನಾನಿಲ್ವಾ” ಎಂದುಬಿಟ್ಟೆ.

ಆಗ ನಕ್ಕಳು. “ನೀವಾ? ನಿಮಗೆ ಕುಕ್ಕರಲ್ಲಿ ಸೀಟಿ ತರಿಸೋಕೇ ಬರಲ್ಲ ಭಾವ, ಮಗೂಗೆ ತೇಗು ತರಿಸ್ತೀರಾ?”

ನಕ್ಕಳಲ್ಲ ಎಂಬ ಖುಷಿಗೆ ಆ ಮಾತನ್ನು ನುಂಗಿಕೊಂಡೆ.

ಮರುದಿನದಿಂದ ನನ್ನ ತರಬೇತಿ. ಮೊದಲು ದಿಂಬಿನ ಮೇಲೆ. “ಅದು ಹಾಸಿಗೆ ದೂಳು ಕೊಡವೋ ಹೊಡೆತ. ಕೈ ಬಟ್ಟಲು ಮಾಡ್ಕೊಳ್ಳಿ” ಎಂದಳು. ನಂತರ ಸಾಹುಕಾರನ ಮೇಲೆ. ಅವನು ನಾನು ತಟ್ಟುವ ಮೊದಲೇ ತೇಗಿ ನನ್ನ ಮಾನ ಉಳಿಸಿದ. ತಕರಾರೆಲ್ಲ ವಕೀಲನದು. ಅವನು ಹಾಲಿನ ಜೊತೆ ಗಾಳಿಯನ್ನೂ ನುಂಗಿ, ಆ ಗಾಳಿಯನ್ನು ಒಳಗೇ ಇಟ್ಟುಕೊಂಡು, ವಾಯಿದೆಯ ಮೇಲೆ ವಾಯಿದೆ ಕೇಳುತ್ತಿದ್ದ. ತೇಗು ಬರದೆ ಮಲಗಿಸಿದರೆ ಕಾಲು ಮಡಚಿಕೊಂಡು, ಮೈ ಕೆಂಪಗೆ ಮಾಡಿಕೊಂಡು ಕಿರುಚುತ್ತಿದ್ದ. ತಾಯಿಯ ಹೆಗಲೊಂದಕ್ಕೆ ಮಾತ್ರ, ಬಹಳ ಹೊತ್ತಿನ ವಿಚಾರಣೆಯ ನಂತರ, ಸಣ್ಣದೊಂದು ತೇಗು ಕೊಡುತ್ತಿದ್ದ.

ಒಂದು ದಿನ ಧೈರ್ಯ ಮಾಡಿ ಹೊರಟಳು. ಎರಡನೆಯ ಮಹಡಿ ದಾಟಿದ ಸದ್ದು ಕೇಳಿತು. ಅಷ್ಟರಲ್ಲಿ ವಕೀಲ ರಾಗ ತೆಗೆದ. ಕೆಳಗಿನ ಹೆಜ್ಜೆ ನಿಂತಿತು. ನಾನು “ಶ್ ಶ್” ಎಂದರೆ ಅವನು ಇನ್ನೂ ಏರಿಸಿದ. ಹೆಜ್ಜೆಗಳು ಮೇಲಕ್ಕೆ ಬಂದವು. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಚಪ್ಪಲಿಯನ್ನು ಕಾಲಿನಿಂದಲೇ ಮಂಚದ ಕೆಳಗೆ ದೂಡಿದಳು.

“ಸಾಕು ಭಾವ. ನನಗೆ ಹೊರಗೆ ಹೋಗೋ ಆಸೆ ಹೋಯ್ತು” ಎಂದಳು.

ಆಸೆ ಹೋಗಿರಲಿಲ್ಲ. ಕಿಟಕಿಯ ಕಡೆ ನೋಡುವುದನ್ನು ಮಾತ್ರ ಬಿಟ್ಟಳು. ಕೇಳಿದ್ದಕ್ಕಷ್ಟೇ ಉತ್ತರ. ಆಫೀಸಿನಿಂದ ಮೇಲಿನವರು ಯಾವಾಗ ಬರುತ್ತೀ ಎಂದು ಫೋನು ಮಾಡಿದರೆ, ‘ನೋಡೋಣ ಸಾರ್’ ಎಂದು ಇಟ್ಟುಬಿಟ್ಟಳು. ನಾನು ಹೇಳಿದ ಜೋಕಿಗೆ ನಗಲಿಲ್ಲ ಎಂದರೆ ಅದು ಜೋಕಿನ ತಪ್ಪಿರಬಹುದು, ಬಯ್ಯಲೂ ಇಲ್ಲವಲ್ಲ.

ಅವಳನ್ನು ಮತ್ತೆ ಹೊರಡಿಸಿದ್ದು ನಾನಲ್ಲ, ಅವಳ ಅತ್ತೆ. ಒಂದು ಬೆಳಿಗ್ಗೆ ನಾನು ಹೋದಾಗ ಆ ಹಿರಿಯಮ್ಮ ತಮ್ಮ ಊರುಗೋಲಿನಿಂದ ಮಂಚದ ಕೆಳಗೆ ತಡಕಾಡಿ, ಚಪ್ಪಲಿಯನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದರು.

“ಹಾಕ್ಕೊಂಡು ನಡಿ” ಎಂದರು ಸೊಸೆಗೆ. “ನಿನ್ನ ಮುಖ ನೋಡಿ ನೋಡಿ ನನಗೆ ಬೇಜಾರಾಗಿದೆ. ಕಣ್ಮುಂದೆ ಇರಬೇಡ ಸ್ವಲ್ಪ ಹೊತ್ತು.”

“ಚಿಕ್ಕವನು ಅತ್ರೆ?”

“ಅಳಲಿ. ವಕೀಲ ಅಂತ ಹೆಸರಿಟ್ಟಿದೀರ, ಬಾಯಿ ಮುಚ್ಕೊಂಡು ಇರ್ತಾನಾ?”

ಹೋದಳು. ಹೋಗುವಾಗ ನನ್ನ ಕಡೆ ತಿರುಗಿ, “ಏನಾದ್ರೂ ಆದ್ರೆ ಫೋನ್ ಮಾಡಿ” ಎಂದಳು. ಹಿರಿಯಮ್ಮ ಅವಳ ಹೆಜ್ಜೆ ಬೀದಿಗಿಳಿಯುವವರೆಗೂ ಕಾದು, ನನ್ನತ್ತ ಕೈ ಚಾಚಿದರು.

“ಆ ಫೋನ್ ಇಲ್ಲಿ ಕೊಡಿ.”

“ಯಾಕಮ್ಮ?”

“ನಿಮ್ಮ ಕೈ ಆಗ್ಲೇ ಜೇಬಿನ ಹತ್ರ ಹೋಗ್ತಾ ಇದೆ. ಈ ಸಲ ಅರ್ಧದಿಂದ ವಾಪಸ್ ಬಂದ್ರೆ ಅವಳು ಇನ್ನು ಹೊರಡಲ್ಲ. ನನಗೆ ಗೊತ್ತು. ನಾನು ಹೊಸ್ತಿಲು ದಾಟಲಿಲ್ಲ ಅಂದ್ನಲ್ಲ, ದಾಟೋಕೆ ಆಸೆ ಇರ್ಲಿಲ್ಲ ಅಂದ್ಕೊಂಡ್ರಾ? ಕಾಲು ಎತ್ತಿದಾಗೆಲ್ಲ ಯಾರೋ ಒಬ್ರು ಕರೀತಿದ್ರು.”

ಫೋನು ಕೊಟ್ಟೆ.

ಸಾಹುಕಾರನ ಕೆಲಸ ಸಲೀಸಾಗಿ ಮುಗಿಯಿತು. ಅವನನ್ನು ಹಿರಿಯಮ್ಮನ ಎದೆಗೊರಗಿಸಿ, ವಕೀಲನನ್ನು ಎತ್ತಿಕೊಂಡೆ. ಅರ್ಧ ಬಾಟಲಿ ಕುಡಿದ. ನಿಲ್ಲಿಸಿದೆ. ಹೆಗಲಿಗೆ ಹಾಕಿ ತಟ್ಟಿದೆ. ಇಲ್ಲ. ತೊಡೆಯ ಮೇಲೆ ಕೂರಿಸಿ, ಗಲ್ಲ ಹಿಡಿದು, ತುಸು ಮುಂದಕ್ಕೆ ಬಾಗಿಸಿ ಬೆನ್ನು ನೀವಿದೆ. ಇಲ್ಲ. ಮತ್ತೆ ಹೆಗಲು. ಅವನ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು, ಕಾಲು ಹೊಟ್ಟೆಗೆ ಬಂತು, ಕೂಗು ಶುರುವಾಯಿತು. ಉಳಿದ ಹಾಲು ಕೊಟ್ಟರೆ ಗಾಳಿ ಹೆಚ್ಚುತ್ತದೆ, ಕೊಡದಿದ್ದರೆ ಹಸಿವು. ಮಲಗಿಸುವಂತಿಲ್ಲ, ಕೂರುವಂತಿಲ್ಲ, ಮೂಗು ತುರಿಸಿದರೆ ತುರಿಸಿಕೊಳ್ಳುವಂತಿಲ್ಲ. ಮಂಚ, ಒಲೆ, ಕಿಟಕಿ. ಮಂಚ, ಒಲೆ, ಕಿಟಕಿ. ಈ ಗೋಡೆಗಳು ನಾನು ಬಂದಾಗ ಇಷ್ಟು ಹತ್ತಿರ ಇರಲಿಲ್ಲ ಎನಿಸಿತು. ತರಕಾರಿ ಕೊಟ್ಟು ಮೆಟ್ಟಿಲಿಳಿಯುತ್ತಿದ್ದ ನನ್ನ ಹಳೆಯ ಜೀವನ ನೆನಪಾಗಿ, ಅಂಥ ಸ್ವಾತಂತ್ರ್ಯವನ್ನು ಏದುಸಿರಿನಲ್ಲಿ ಹಾಳು ಮಾಡಿದೆನಲ್ಲ ಎಂದು ಮರುಗಿದೆ.

ಅಷ್ಟರಲ್ಲಿ ಹಿರಿಯಮ್ಮನ ಮಡಿಲಲ್ಲಿ ಫೋನು ಹೊಡೆದುಕೊಂಡಿತು.

“ಅವಳೇ” ಎಂದರು.

ಎತ್ತಿದರೆ ಅಳು ಕೇಳುತ್ತದೆ, ಓಡಿ ಬರುತ್ತಾಳೆ. ಎತ್ತದಿದ್ದರೆ ಏನೋ ಆಗಿದೆ ಎಂದು ಇನ್ನೂ ಜೋರಾಗಿ ಓಡಿ ಬರುತ್ತಾಳೆ. ಅತ್ತ ದರಿ, ಇತ್ತ ಪುಲಿ, ನಡುವೆ ಕಿರುಚುವ ವಕೀಲ. ಹಿರಿಯಮ್ಮ ಊರುಗೋಲಿನಿಂದ ಬಚ್ಚಲ ಮನೆಯನ್ನು ತೋರಿಸಿದರು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಉಸಿರಾಡಲು ಜಾಗವಿಲ್ಲದ ಬಚ್ಚಲು. ಆ ಗೋಡೆಗಳಿಗೆ ಬಡಿದು ಅವನ ಕೂಗು ನಾಲ್ಕಾಯಿತು. ನಲ್ಲಿ ಬಿಟ್ಟರೆ ಸದ್ದು ಮುಚ್ಚೀತು ಎಂದು ನೋಡಿದರೆ ನಲ್ಲಿ ಇರುವುದು ಮಂಡಿಯ ಮಟ್ಟದಲ್ಲಿ. ಮಗುವಿನ ತಲೆ ಹಿಡಿದುಕೊಂಡು, ಹೆಗಲಿಗೆ ಅವುಚಿಕೊಂಡು, ಮೆಲ್ಲಗೆ ಮಂಡಿ ಮಡಿಸಿ ಕೆಳಗಿಳಿದೆ. ನೀರು ಬಕೆಟ್ಟಿಗೆ ಧೋ ಎಂದು ಬಿತ್ತು. ಹೊರಗಿನ ಮಾತು ಅದರ ನಡುವೆಯೂ ಕೇಳುತ್ತಿತ್ತು.

“ಹೂಂ, ಇಬ್ಬರೂ ಕುಡಿದ್ರು... ಹೂಂ, ತೇಗಿದ್ರು... ಚಿಕ್ಕವನಾ? ಅವನೇ ಮೊದಲು... ನೀರಿನ ಸದ್ದಾ? ನಿಮ್ಮ ಭಾವ ಬಾಟಲಿ ತೊಳೀತಿದಾರೆ. ಬಿಡು, ಅವರಿಗೂ ಒಂದು ಕೆಲಸ ಇರ್ಲಿ.”

ಆ ಹಿರಿಯಮ್ಮ ಸುಳ್ಳಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಷ್ಟು ನುಣ್ಣಗೆ ಆಡಬಲ್ಲರು ಎಂದೂ ತಿಳಿದಿರಲಿಲ್ಲ. ಬೆರಗಿನಿಂದ ಎದ್ದು ನಿಲ್ಲಲು ಹೋದೆ. ಆ ಏರಿಳಿತದಲ್ಲಿ ವಕೀಲನ ಹೊಟ್ಟೆ ನನ್ನ ಹೆಗಲಿಗೆ ಹೇಗೆ ಒತ್ತಿತೋ, ಅವನ ಕೂಗು ಅರ್ಧಕ್ಕೆ ನಿಂತಿತು. ಕ್ಷಣ ಹೊತ್ತು ಆಲೋಚಿಸಿದ. ಆಮೇಲೆ ಬಂತು ನೋಡಿ. ಆ ಪುಟ್ಟ ಮೈಯಲ್ಲಿ ಅಂಥದೊಂದು ತೇಗಿಗೆ ಜಾಗ ಎಲ್ಲಿತ್ತೋ. ಅದರ ಹಿಂದೆಯೇ ಕುಡಿದ ಹಾಲಿನಲ್ಲಿ ಒಂದು ಪಾಲು ಬೆಚ್ಚಗೆ ನನ್ನ ಕಾಲರಿನೊಳಗಿಂದ ಬೆನ್ನಿಗೆ ಇಳಿದು ಸೊಂಟಪಟ್ಟಿಯವರೆಗೆ ಹೋಯಿತು. ವಕೀಲ ನನ್ನ ಕಿವಿಯ ಹತ್ತಿರ ನಿಟ್ಟುಸಿರು ಬಿಟ್ಟು ಸುಮ್ಮನಾದ. ನನಗೆ ಅಳು ಬರುವಂತಾಯಿತು.

ಹೊರಗೆ ಬಂದಾಗ ಫೋನಿನ ಮಾತು ಮುಗಿದಿತ್ತು.

“ಎಲ್ಲಿದ್ದಾಳಂತೆ?”

“ದೊಡ್ಡ ರಸ್ತೆ ದಾಟಿದ್ದಾಳಂತೆ. ಇನ್ನೂ ಮುಂದೆ ಹೋಗ್ಲಾ ಅಂದ್ಲು. ಹೋಗು ಅಂದೆ.” ವಕೀಲನ ಮುಖ ನೋಡಿ, “ಆಡಿದ ಸುಳ್ಳು ನಿಜ ಆಯ್ತು. ದೇವರು ನನ್ನ ಮಾತು ಉಳಿಸಿದ” ಎಂದರು.

ಉಳಿದ ಹಾಲನ್ನು ವಕೀಲ ಮಧ್ಯೆ ಮಧ್ಯೆ ನನ್ನ ಮುಖ ನೋಡುತ್ತ ಕುಡಿದ. ಎರಡನೆಯ ತೇಗಿಗೂ ಒಂದು ಸಲ ಮಂಡಿ ಮಡಿಸಿ ಎದ್ದೆ. ಅದು ಶಿಷ್ಟವಾಗಿ ಬಂತು. ನೆಟ್ಟಗೆ ಎತ್ತಿಕೊಂಡು ನಿಂತೇ ಇದ್ದೆ. ಒದ್ದೆ ಶರ್ಟು ಬೆನ್ನಿಗೆ ಅಂಟಿ ತಣ್ಣಗಾಗಿ, ಮತ್ತೆ ಒಣಗಿ ಗರಿಗರಿಯಾಗುತ್ತಿತ್ತು. ಅವನನ್ನು ಮಲಗಿಸಿ ತಿರುಗಿದಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಓಡಿ ಬರುವ ಹೆಜ್ಜೆಯಲ್ಲ.

ನಾದಿನಿಯ ಕೆನ್ನೆಗೆ ಬಿಸಿಲು ಹತ್ತಿತ್ತು, ಪಾದದ ಮೇಲೆ ದೂಳಿತ್ತು. ಒಳಗೆ ಕಾಲಿಡುತ್ತಲೇ ಮಾತು. ಮೂಲೆ ಮನೆಯವರು ಗೇಟು ಬದಲಾಯಿಸಿದ್ದಾರಂತೆ. ಅವಳನ್ನು ಕಂಡರೆ ಹಾರುತ್ತಿದ್ದ ನಾಯಿ ಇವತ್ತು ಸುಮ್ಮನೆ ಜೊತೆಗೆ ನಡೆದು ಬಂತಂತೆ. ಹೊಸ ಹುಡುಗಿ ಬಗ್ಗಿ ನೋಡದೆ ಅಂದಾಜಿನಲ್ಲಿ ಬರೆದುಕೊಳ್ಳುತ್ತಾಳೆ ಎಂದು ಇಡೀ ಬೀದಿ ದೂರುತ್ತಿದೆಯಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಆನಂದವನ್ನು ಆ ಹುಡುಗಿ ನೋಡದಿದ್ದದ್ದೇ ಒಳ್ಳೆಯದಾಯಿತು. ಮಾತಾಡುತ್ತಲೇ ಹೋಗಿ ಎರಡೂ ಮಕ್ಕಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದಳು.

“ವಕೀಲ ತಕರಾರು ಮಾಡಿದ್ನಾ ಭಾವ?”

“ಇಲ್ಲವೇ ಇಲ್ಲ. ತಟ್ಟಿದೆ, ತೇಗಿದ.”

“ಹೌದಾ ಅತ್ತೆ?”

“ಹೂಂ” ಎಂದರು ಹಿರಿಯಮ್ಮ, ಸಾಹುಕಾರನ ಟೋಪಿ ಸರಿಮಾಡುತ್ತ.

ಇನ್ನು ಇಲ್ಲಿದ್ದರೆ ಬಾಯಿ ಬಿಟ್ಟೇನು ಎಂದು, ಖಾಲಿ ಬಾಟಲಿಗಳನ್ನು ಎತ್ತಿಕೊಂಡು ಒಲೆಯ ಕಡೆ ತಿರುಗಿದೆ. ಹಿಂದೆ ಮಾತು ನಿಂತಿತು. ನನ್ನ ಬೆನ್ನಿನ ಮೇಲೆ ಕಾಲರಿನಿಂದ ಸೊಂಟದವರೆಗೆ ಏನು ಬರೆದಿದೆ ಎಂಬುದು ನನಗೆ ಆಗ ನೆನಪಾಯಿತು. ಅಂದಾಜಿನಲ್ಲಿ ಓದುವ ಪೈಕಿ ಅಲ್ಲ ನನ್ನ ನಾದಿನಿ. ಹಿರಿಯಮ್ಮ ಒಮ್ಮೆ ಕೆಮ್ಮಿದರು.

“ಭಾವ” ಎಂದಳು ಕೊನೆಗೆ.

“ಏನಮ್ಮ?”

“ನಾಳೆ ಬರೋವಾಗ ಯಾವುದಾದ್ರೂ ಹಳೇ ಶರ್ಟ್ ಹಾಕ್ಕೊಂಡ್ ಬನ್ನಿ.”