ಎಡಗೈಯ ಚೊಣಕ

ಆಗೆಲ್ಲ ಮಳೆಗಾಲದ ಮೀನುಗಾರಿಕೆ ಬಂದ್ ಶುರುವಾಯಿತೆಂದರೆ ನಮ್ಮ ಮನೆಯ ಗಂಡಸರಿಗೆ ಹುಚ್ಚು ಹಿಡಿಯುತ್ತಿತ್ತು. ಬೋಟುಗಳೆಲ್ಲ ದಡ ಹತ್ತಿ ತಾಡಪತ್ರಿ ಹೊದ್ದು ಮಲಗಿದ ಮೇಲೆ ಸಮುದ್ರಕ್ಕೆ ಹೋಗುವಂತಿಲ್ಲ, ಮನೆಯಲ್ಲಿ ಸುಮ್ಮನೆ ಕೂತು ಅಭ್ಯಾಸವಿಲ್ಲ. ಅಂಕೋಲೆಯ ಕಡೆಯಲ್ಲಿ, ಗಂಗಾವಳಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ನಮ್ಮ ಮನೆ. ಜಗಲಿ ತುಂಬ ಒದ್ದೆ ಬಲೆ, ಒಲೆಯ ಮೇಲಿನ ಅಟ್ಟದಲ್ಲಿ ಒಣ ಬಂಗಡೆ, ಕೆಂಡದಲ್ಲಿ ಹಲಸಿನ ಬೇಳೆ ಸುಡುವ ವಾಸನೆ, ಮಧ್ಯಾಹ್ನಕ್ಕೆ ಕುಚಲಕ್ಕಿ ಗಂಜಿ. ಇಂಥ ಮಳೆಗಾಲ ನೆನೆದು ಕಣ್ಣು ತುಂಬಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನಗೆ ಕಣ್ಣು ತುಂಬುವುದಿಲ್ಲ, ಹಲ್ಲು ಕಡಿಯುವ ಹಾಗಾಗುತ್ತದೆ.

ಯಾಕೆಂದರೆ ನಾನು ಎಡಚಿ. ಹೆಸರು ಮಂಗಲಾ ಅಂತ ಇಟ್ಟಿದ್ದರು, ಕರೆಯುತ್ತಿದ್ದದ್ದು ಮಾತ್ರ ಎಡಚಿ ಅಂತಲೇ. ದೊಡ್ಡಪ್ಪನ ಮಗ ವಿಠ್ಠಲ, ನನಗಿಂತ ಸ್ವಲ್ಪ ದೊಡ್ಡವನು, ಶಾಲೆಯಲ್ಲೂ ಹಾಗೇ ಕರೆದು ಆ ಹೆಸರು ಊರಿಗೇ ಹಬ್ಬಿಸಿದ್ದ. ನಿಮ್ಮಲ್ಲಿ ಯಾರಾದರೂ ಎಡಚರಿದ್ದರೆ ಗೊತ್ತಿರುತ್ತದೆ, ತಟ್ಟೆಯ ಮೇಲೆ ಕೈ ಹೋಗುವಾಗ ಮನೆಯವರ ಕಣ್ಣೆಲ್ಲ ಅದರ ಮೇಲೇ ಇರುತ್ತದೆ. ಆದರೆ ಮೀನು ಹಿಡಿಯುವವರ ಮನೆಯ ಎಡಚಿಯ ಪಾಡು ಬೇರೆಯವರಿಗೆ ತಿಳಿಯಲಿಕ್ಕಿಲ್ಲ. ಬಲೆ ಮೊದಲು ಮುಟ್ಟುವುದು ಬಲಗೈಯಲ್ಲಿ, ದೋಣಿಗೆ ಮೊದಲು ಕೈ ಹಚ್ಚುವುದು ಬಲಗೈಯಲ್ಲಿ, ಮೊದಲ ಮೀನನ್ನು ಬುಟ್ಟಿಗೆ ಹಾಕುವುದೂ ಬಲಗೈಯಲ್ಲೇ. ಒಮ್ಮೆ ನಾನು ಮರೆತು ಎಡಗೈಯಲ್ಲಿ ಬಲೆ ಎತ್ತಿಕೊಟ್ಟ ದಿನ ಅದು ಬಂಡೆಗೆ ಸಿಕ್ಕಿ ಹರಿದು ಬಂತು. ಅಜ್ಜ ಬಲೆ ಹೆಣೆಯುವ ಮರದ ಸೂಜಿಯನ್ನು ತಿರುಗಿಸಿ ಹಿಡಿದು ನನ್ನ ಎಡಗೈ ಗೆಣ್ಣುಗಳ ಮೇಲೆ ಹೊಡೆದ. ಆಯಿ, ನನ್ನ ತಾಯಿ, ಒಳಗಿನಿಂದ ನೋಡಿದಳು, ಮತ್ತೆ ಕಾಯಿ ತುರಿಯಲು ಕೂತಳು.

ಆ ವರ್ಷ ಮಳೆ ಹಿಡಿದ ಮೊದಲ ವಾರಗಳಲ್ಲಿ ಕಾರವಾರದ ಹಬ್ಬುವಾಡದಿಂದ ನೌಕರಿಯವರು ಕೆಲವರು ಬೈಕಿನಲ್ಲಿ ಬರತೊಡಗಿದರು. ನಮ್ಮ ಮನೆಯ ಹಿಂದೆಯೇ ಗಜನಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆ. ಅದರ ಕಟ್ಟೆಗೆ ನೀರು ಬಿಡುವ ಮರದ ಬಾಗಿಲು. ಮಳೆನೀರು ಆ ಬಾಗಿಲಿನಿಂದ ಹೊಳೆಗೆ ಇಳಿಯುವಲ್ಲಿ ಸಣ್ಣ ಮೀನಿನ ಆಸೆಗೆ ಚೊಣಕವೆಂಬ ದೊಡ್ಡ ಮೀನು ಬಂದು ನಿಲ್ಲುತ್ತದೆ. ನೌಕರಿಯವರು ಕೊಡೆ ಹಿಡಿದು, ಉದ್ದನೆಯ ಕೋಲಿಗೆ ರೀಲು ಸಿಕ್ಕಿಸಿ, ಕಟ್ಟೆಯ ಮೇಲೆ ನಿಂತು ಎಸೆದರು. ತೊಡೆ ಗಾತ್ರದ ಒಂದು ಚೊಣಕ ಹಿಡಿದು ನಮ್ಮ ಅಂಗಳದಲ್ಲೇ ಹಾದುಹೋದರು. ಅಜ್ಜನಿಗೆ ಅನ್ನ ಇಳಿಯಲಿಲ್ಲ.

"ಆಫೀಸಿನಲ್ಲಿ ಕುರ್ಚಿ ಬಿಸಿ ಮಾಡೂರು ನಮ್ಮ ಮೂತಿಗೆ ಮೀನು ತೋರಿಸ್ಕಂಡು ಹೋದ್ರಲ್ಲೋ," ಎಂದು ಅಪ್ಪನ ಮೇಲೆ ಹರಿಹಾಯ್ದ. "ನೀ ಎಂತಾ ಮಾಡ್ತಾ ಇದ್ದೆ? ಬೀಡಿ ಸೇದ್ತಾ ಇದ್ದೆ. ನಾಳೆ ಹೋಗಿ ಅಂಥದ್ದೇ ಒಂದು ಕೋಲು ತಕ್ಕೊಂಡು ಬಾ."

ಅಪ್ಪ ಬೋಟಿನ ಮೇಲೆ ಗಟ್ಟಿಮುಟ್ಟಾದ ಆಳು. ಅಜ್ಜನ ಎದುರು ಮಾತ್ರ ಬಾಯಿಗೆ ಬೀಗ. ಮರುದಿನ ಕಾರವಾರಕ್ಕೆ ಹೊರಟವನ ಬೆನ್ನು ಹತ್ತಿ ಅತ್ತು ಕರೆದು ನಾನೂ ಬಸ್ಸು ಹತ್ತಿದೆ.

ಮೀನಿನ ಸಾಮಾನು ಮಾರುವ ಆ ಅಂಗಡಿಯ ವಾಸನೆ ನನಗೆ ಇನ್ನೂ ನೆನಪಿದೆ, ಹೊಸ ನೈಲಾನು ಮತ್ತು ಡಾಂಬರು. ಅಂಗಡಿಯವನು ಕೇಳಿದ: "ಎಂತ ಮೀನಿಗೆ ಬೇಕು?"

"ಎಲ್ಲಾ ಮೀನಿಗೂ," ಅಂದ ಅಪ್ಪ. "ಚೊಣಕಕ್ಕೂ ಆಗ್ಬೇಕು, ತಾಂಬ್ಸೆಗೂ ಆಗ್ಬೇಕು. ಹೊಳೆಲೂ ನಡೀಬೇಕು, ಬಂಡೆ ಮೇಲೆ ನಿಂತು ಸಮುದ್ರಕ್ಕೆ ಎಸೆದ್ರೂ ನಡೀಬೇಕು. ತಕ್ಕೊಳ್ಳೂದು ಒಂದೇ."

ಅಂಗಡಿಯವನು ನಕ್ಕ. ಆಮೇಲೆ ತಾಳ್ಮೆಯಿಂದ ತಂಗೂಸದ, ಅಂದರೆ ಗಾಳದ ನೈಲಾನು ದಾರದ, ಒಂದೊಂದೇ ಉಂಡೆ ತೆಗೆದು ಮೇಜಿನ ಮೇಲಿಟ್ಟ. "ದಪ್ಪ ತಂಗೂಸ ತಕ್ಕೊಂಡ್ರೆ ದೂರ ಹೋಗೂದಿಲ್ಲ, ರೀಲಿಂದ ಸುರುಳಿ ಸುರುಳಿಯಾಗಿ ಎದ್ದು ಬರ್ತದೆ. ಸಪೂರದ್ದು ದೂರ ಹೋಗ್ತದೆ, ಆದ್ರೆ ಚೊಣಕದ ಕಿವಿ ಹತ್ರ ಬ್ಲೇಡ್ ಇದ್ದ ಹಾಂಗೆ ಇರ್ತದೆ ನೋಡಿ, ಒಂದು ಸಲ ತಲೆ ಕೊಡವಿದ್ರೆ ಕಟ್. ಈ ಹೆಣೆದ ದಾರ ಸಪೂರ ಇದ್ರೂ ಗಟ್ಟಿ, ಕಲ್ಲಿಗೆ ಉಜ್ಜಿದ್ರೆ ಮಾತ್ರ ಆಯ್ತು ಅದರ ಕತೆ. ಎಲ್ಲದಕ್ಕೂ ಒಂದೇ ಅಂದ್ರೆ ನಡುವಿನ ತಂಗೂಸ, ನಡುವಿನ ರೀಲು. ಯಾವುದಕ್ಕೂ ಪಸಂದಾಗೂದಿಲ್ಲ, ಯಾವುದಕ್ಕೂ ಕೈ ಕೊಡೂದಿಲ್ಲ."

ಅಪ್ಪ ತಂಗೂಸದ ತುದಿಯನ್ನು ಎರಡೂ ಮುಷ್ಟಿಗೆ ಸುತ್ತಿ ಜಗ್ಗಿದ. ಅಂಗೈ ಕೆಂಪಾಯಿತು, ತಂಗೂಸ ಹರಿಯಲಿಲ್ಲ. ಅಪ್ಪನ ಮುಖ ಅರಳಿತು. ರೀಲಿನ ಮೇಲಿನ ತಿರುಪನ್ನು ಪೂರ್ತಿ ಬಿಗಿ ಮಾಡಬೇಡಿ, ಮೀನು ಓಡುತ್ತೇನೆ ಅಂದರೆ ಓಡಲು ಬಿಡಬೇಕು ಎಂದು ಅಂಗಡಿಯವನು ಎರಡೆರಡು ಸಲ ಹೇಳಿದ. ಅಷ್ಟರಲ್ಲಿ ನಾನು ಕೋಲನ್ನು ಎಡಗೈಯಲ್ಲಿ ಎತ್ತಿ ಗಾಳಿಯಲ್ಲಿ ಬೀಸಿ ನೋಡುತ್ತಿದ್ದೆ. ಅಪ್ಪ ನೋಡಿದ. ಅಂಗಡಿಯಲ್ಲಿ ನಮ್ಮೂರಿನವರು ಯಾರೂ ಇರಲಿಲ್ಲ. ಅವನು ಬೀಸಲು ಬಿಟ್ಟ, ಬಸ್‌ಸ್ಟ್ಯಾಂಡಿನಲ್ಲಿ ನನಗೊಂದು ಬನ್ ಬೇರೆ ಕೊಡಿಸಿದ. ಅಪ್ಪ ಒಬ್ಬನೇ ಇದ್ದಾಗ ಎಷ್ಟು ಒಳ್ಳೆಯವನು ಅಂತ ನಾನು ಉಬ್ಬಿಹೋದೆ.

ಮನೆಗೆ ಬಂದ ಮೇಲೆ ಅಜ್ಜ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿದ. ರೀಲಿನ ಹಿಡಿ ಎಡಗಡೆ ಇತ್ತು. ಅವೆಲ್ಲ ಹಾಗೇ ಬರುವುದು. ಬಲಗೈಯವರು ಬಲಗೈಯಲ್ಲಿ ಎಸೆದು, ಕೋಲನ್ನು ಅದೇ ಕೈಯಲ್ಲಿ ಹಿಡಿದು, ಎಡಗೈಯಲ್ಲಿ ಸುತ್ತುತ್ತಾರೆ. ಅಜ್ಜನಿಗೆ ಇದನ್ನು ಹೇಳುವವರು ಯಾರು?

"ಮೀನನ್ನ ಮನೆಗೆ ಕರಿಯೂದು ಎಡಗೈಲೋ?" ಎಂದು ಕೂಗಿದ. "ಥೂ! ಆ ಹಿಡಿ ಬಿಚ್ಚು. ಈ ಬದಿಗೆ ಹಾಕು."

ಹಿಡಿ ಬಿಚ್ಚಿ ಆಚೆ ಬದಿಗೆ ಹಾಕಲು ಬರುತ್ತಿತ್ತು. ಅಪ್ಪ ಹಾಕಿದ. ತಿರುಪನ್ನು ಅಜ್ಜನೇ ತನ್ನ ಕೈಯಾರೆ ಕೊನೆಯ ತನಕ ಬಿಗಿದ. ಬಲೆ ಎಳೆದೇ ಬದುಕಿದವನಿಗೆ ಮೀನನ್ನು ಓಡಲು ಬಿಡುವುದೆಂದರೆ ಅವಮಾನ. ಆಮೇಲೆ ಜಗಲಿಯಲ್ಲಿ ಎಲ್ಲರೆದುರು ಹೇಳಿದ: "ಮೊದಲ್ನೇ ಚೊಣಕ ಯಾರು ಮೇಲೆ ಎಳೀತಾರೋ, ಕೋಲು ಅವರದ್ದು. ದೊಡ್ಡವ ಸಣ್ಣವ ಅಂತ ನೋಡೂದಿಲ್ಲ."

ನನಗೆ ಆ ಕೋಲು ಬೇಕಿತ್ತು. ಕೋಲಿಗಿಂತ ಹೆಚ್ಚಾಗಿ, ಆ ಚೊಣಕ ಹಿಡಿದುಬಿಟ್ಟರೆ ಇನ್ನು ಯಾರೂ ನನ್ನ ಕೈಗೆ ಹೊಡೆಯಲಾರರು, ಎಡಚಿ ಅನ್ನಲಾರರು ಅಂತ ತಲೆಯಲ್ಲಿ ಕೂತುಬಿಟ್ಟಿತು. ಮಕ್ಕಳ ತಲೆ! ಗೆದ್ದರೆ ಪ್ರೀತಿಸುತ್ತಾರೆ ಅಂತಲೇ ನಂಬಿರುತ್ತದೆ.

ಮುಂದಿನ ದಿನಗಳು ನಗೆಪಾಟಲು. ಅಪ್ಪ ಬಲಗೈಯಲ್ಲಿ ಎಸೆಯುತ್ತಿದ್ದ, ಕೋಲನ್ನು ಎಡಗೈಗೆ ದಾಟಿಸುತ್ತಿದ್ದ, ಹಿಡಿಗಾಗಿ ತಡಕಾಡುತ್ತಿದ್ದ. ಅಷ್ಟರಲ್ಲಿ ತಂಗೂಸ ಸಡಿಲವಾಗಿ ಮೀನು ಗಾಳ ಉಗಿದು ಹೋಗಿರುತ್ತಿತ್ತು. ವಿಠ್ಠಲನ ಕತೆ ಇನ್ನೂ ಚೆಂದ, ಅವನು ಎಸೆದದ್ದು ಆಯಿ ಒಣಗಹಾಕಿದ ಸೀರೆಗೆ ಸಿಕ್ಕಿತು. ಒಂದು ದೊಡ್ಡ ಮೀನು ಹೇಗೋ ಕಚ್ಚಿದರೆ ಬಿಗಿದ ತಿರುಪು ಒಂದಂಗುಲವೂ ಬಿಡದೆ ಗಾಳವೇ ನೆಟ್ಟಗಾಗಿ ಬಂತು. ಅಜ್ಜ ಅಂಗಡಿಯವನ ವಂಶವನ್ನೆಲ್ಲ ಬೈದ.

ಒಂದು ಬೆಳಿಗ್ಗೆ ಅಪ್ಪ ಬೇಸತ್ತು ಕೋಲನ್ನು ಕಟ್ಟೆಗೆ ಒರಗಿಸಿ ಬೀಡಿ ಹಚ್ಚಿದ. ನಾನು ಕೋಲು ಎತ್ತಿಕೊಂಡೆ. ಎಡಗೈಯಲ್ಲಿ ಎಸೆದೆ, ಬಲಗೈ ತಾನಾಗಿ ಹಿಡಿಯ ಮೇಲೆ ಬಂತು. ಕೈ ಬದಲಿಸುವ ಕೆಲಸವೇ ಇಲ್ಲ. ಅಜ್ಜ ಮೈಲಿಗೆಯೆಂದು ತಿರುಗಿಸಿದ ರೀಲು ಆ ಮನೆಯಲ್ಲಿ ಸರಿಹೊಂದಿದ್ದು ನನಗೊಬ್ಬಳಿಗೇ! ಅಪ್ಪ ಬಾಯಲ್ಲಿ ಬೀಡಿ ಮರೆತು ನೋಡಿದ.

"ಮತ್ತೊಂದ್ಸಲ ಎಸಿ ನೋಡ್ವ," ಅಂದ. ಎಸೆದೆ. ಇನ್ನೂ ದೂರ ಹೋಯಿತು. ಅಪ್ಪ ಹತ್ತಿರ ಬಂದು, ಮನೆಯ ಕಡೆ ಒಮ್ಮೆ ನೋಡಿ, ತಿರುಪನ್ನು ಸಡಿಲ ಮಾಡಿಕೊಟ್ಟ. "ಅಜ್ಜಂಗೆ ಹೇಳ್ಬೇಡ ಮಗಾ. ನಾ ಇದ್ದಾಗ ಮಾತ್ರ."

ಆಮೇಲೆ ಕೆಲವು ಬೆಳಿಗ್ಗೆಗಳು ನಮ್ಮಿಬ್ಬರದೇ. ನನ್ನ ಬಾಲ್ಯದಲ್ಲಿ ಸುಖ ಅಂತ ಏನಾದರೂ ಇದ್ದರೆ ಅದು ಅಷ್ಟೇ. ಅಪ್ಪ ಜೀವ ಇರುವ ಶೆಟ್ಲಿಯನ್ನು, ಅಂದರೆ ಸಿಗಡಿಯನ್ನು, ಬಾಲದ ಹತ್ತಿರ ಗಾಳಕ್ಕೆ ಪೋಣಿಸಿ ಕೊಡುತ್ತಿದ್ದ, ಶೆಟ್ಲಿಯ ವಾಸನೆ ದಿನವಿಡೀ ಕೈಯಲ್ಲಿ ಇರುತ್ತಿತ್ತು.

ಚೊಣಕ ಹಿಡಿದದ್ದು ರಾತ್ರಿಯಿಡೀ ಮಳೆ ಹೊಯ್ದ ಮರುದಿನ, ಇಳಿತದ ಹೊತ್ತಿಗೆ. ಗಜನಿಯ ಬಾಗಿಲಿನಿಂದ ಕೆಂಪು ನೀರು ಭೋರೆಂದು ಹೋಗುತ್ತಿತ್ತು. ಎಸೆದ ಕೂಡಲೇ ಕೋಲು ಬಗ್ಗಿತು. ರೀಲು ಕಿರ್ರೆಂದಿತು, ತಂಗೂಸ ಓಡಿತು. "ಬಿಡು, ಓಡ್ಲಿ! ಬಿಡು!" ಅಂತ ಅಪ್ಪ ಕುಣಿದ. ಅಷ್ಟು ದೂರದಲ್ಲಿ ಬೆಳ್ಳಗೆ ಮೀನು ನೀರಿನಿಂದ ಮೇಲೆ ಹಾರಿ ತಲೆ ಕೊಡವಿತು. ಅಬ್ಬಬ್ಬಾ! ನನ್ನ ಎಡ ರಟ್ಟೆ ಕಿತ್ತುಬರುವ ಹಾಗೆ ಎಳೆಯಿತು. ನಾನು ಬಿಡಲಿಲ್ಲ. ಅದು ನಿಂತಾಗ ಸುತ್ತಿದೆ, ಓಡಿದಾಗ ಬಿಟ್ಟೆ. ಅಪ್ಪ ಕೆಸರಿಗಿಳಿದು ಕಿವಿಗೆ ಕೈ ಹಾಕಿ ಅದನ್ನು ಕಟ್ಟೆಗೆ ಎತ್ತಿ ಹಾಕುವ ಹೊತ್ತಿಗೆ, ಕಟ್ಟೆಯ ತುದಿಯಿಂದ ನೋಡುತ್ತಿದ್ದ ವಿಠ್ಠಲ ಓಡಿಹೋಗಿ ಅಜ್ಜನನ್ನು ಕರೆದುಕೊಂಡು ಬಂದಿದ್ದ.

ಮೀನು ನನ್ನ ಸೊಂಟದವರೆಗೆ ಉದ್ದ ಇತ್ತು. ಅಜ್ಜ ಅದನ್ನು ನೋಡಿದ, ನನ್ನನ್ನು ನೋಡಿದ, ಕೋಲು ನನ್ನ ಯಾವ ಕೈಯಲ್ಲಿದೆ ಅಂತ ನೋಡಿದ.

"ಯಾರು ಎಸೆದದ್ದು?"

ಅಪ್ಪ ನನ್ನ ಮುಖ ನೋಡಲಿಲ್ಲ. "ವಿಠ್ಠಲ ಎಸೆದ," ಅಂದ. "ಇವ್ಳು ಬರೀ ಸುತ್ತಿದ್ಲು. ಬಲಗೈಲೇ ಸುತ್ತಿದ್ಲು."

ಆಗ ತಾನೇ ಓಡಿಬಂದ ವಿಠ್ಠಲ ಏದುಸಿರು ಬಿಡುತ್ತಲೇ ಹೌದು ಅಂತ ತಲೆಯಾಡಿಸಿದ. ನನ್ನ ಮೈ ಉರಿದುಹೋಯಿತು. ಅಪ್ಪ ನನ್ನನ್ನು ಪೆಟ್ಟಿನಿಂದ ತಪ್ಪಿಸಲು ಹೇಳಿದ ಸುಳ್ಳು ಅದು ಅಂತ ಈಗ ಗೊತ್ತಾಗುತ್ತದೆ. ಗೊತ್ತಾದರೆ ಏನಾಯಿತು, ಇವತ್ತಿಗೂ ಕ್ಷಮಿಸಲಾಗುವುದಿಲ್ಲ.

"ಸುಳ್ಳು! ನಾನೇ ಎಸೆದದ್ದು," ಎಂದು ಕಿರುಚಿದೆ. "ಎಡಗೈಲೇ ಎಸೆದದ್ದು. ಕೋಲು ನಂದು!"

ಅಜ್ಜ ಬಯ್ಯಲಿಲ್ಲ, ಹೊಡೆಯಲೂ ಇಲ್ಲ. ಕೋಲನ್ನು ನನ್ನ ಕೈಯಿಂದ ಕಿತ್ತು ವಿಠ್ಠಲನಿಗೆ ಕೊಟ್ಟ. ಮತ್ತೆ ಅಪ್ಪನಿಗೆ ಹೇಳಿದ: "ಸೊಕ್ಕು ಕೈಲಿರೂದು. ಅದನ್ನ ಕಟ್ಟು."

"ಎಂತದ್ರಲ್ಲಿ ಕಟ್ಲಿ?"

"ಅಷ್ಟು ಗಟ್ಟಿ ತಂದಿದ್ದೀಯಲ್ಲ, ಅದ್ರಲ್ಲೇ ಕಟ್ಟು."

ಅಪ್ಪ ರೀಲಿನಿಂದ ಒಂದಷ್ಟು ತಂಗೂಸ ಕತ್ತರಿಸಿದ. ನನ್ನ ಎಡ ಮಣಿಕಟ್ಟಿಗೆ ಮೊದಲು ಪಂಜಿ ಬಟ್ಟೆಯ ತುಂಡೊಂದನ್ನು ಸುತ್ತಿ, ಅದರ ಮೇಲೆ ತಂಗೂಸ ಸುತ್ತಿ, ಬೆನ್ನ ಹಿಂದೆ ಲಂಗದ ಪಟ್ಟಿಗೆ ಬಿಗಿದ. ಜಾರದ ಗಂಟು, ದೋಣಿಗೆ ಹಾಕುವಂಥದ್ದು. ಅಜ್ಜ ಬಾಗಿ ನೋಡಿ ಬಟ್ಟೆಯನ್ನು ಎಳೆದು ತೆಗೆದ. ಮತ್ತೆ ಕಟ್ಟಿಸಿದ.

ಇನ್ನು ಎಡಗೈ ಮುಟ್ಟಿದ ಮೀನನ್ನು ಮನೆಯೊಳಗೆ ತಂದಿರಲಿಕ್ಕಿಲ್ಲ ಅಂತ ನೀವು ತಿಳಿದಿದ್ದರೆ, ಅದು ತಪ್ಪು. ಆಯಿ ಅವತ್ತು ಜುಮ್ಮನಕಾಯಿ ಹಾಕಿ ಚೊಣಕದ ಸಾರು ಮಾಡಿದಳು. ತಲೆ ಅಜ್ಜನಿಗೆ, ಹೊಟ್ಟೆಯ ತುಂಡು ವಿಠ್ಠಲನಿಗೆ. ಅಜ್ಜ ಬೆರಳು ನೆಕ್ಕುತ್ತ "ಹಿಂಗಿದ್ದು ತಿಂದು ಎಷ್ಟು ಕಾಲ ಆಗಿತ್ತು" ಅಂದ. ನನಗೆ ಬಾಲದ ತುಂಡು ಬಿತ್ತು. ಉಣ್ಣಬಾರದು ಅಂತ ಇದ್ದೆ. ಹಸಿವಾಗಿತ್ತು. ಬಲಗೈಯಲ್ಲಿ ಅನ್ನ ಚೆಲ್ಲುತ್ತ, ಮುಳ್ಳು ಬಿಡಿಸಲಾರದೆ, ಮೂಗು ಸುರಿಸುತ್ತ ಉಂಡೆ. ಬಹಳ ರುಚಿಯಾಗಿತ್ತು.

ಮಳೆಗಾಲ ಮುಗಿಯುವ ತನಕ ಹಗಲೆಲ್ಲ ಕೈ ಕಟ್ಟಿಯೇ ಇತ್ತು. ಶಾಲೆಯಲ್ಲಿ ಯಾರೂ ಬಿಚ್ಚಲಿಲ್ಲ. ಮನೆಯವರ ಬುದ್ಧಿವಂತಿಕೆಗೆ ಮಾಸ್ತರರು ತಲೆದೂಗಿದರು. ರಾತ್ರಿ ಆಯಿ ಬಿಚ್ಚಿ, ಚರ್ಮ ಸುಲಿದಲ್ಲಿ ತೆಂಗಿನೆಣ್ಣೆ ಹಚ್ಚುತ್ತಿದ್ದಳು. ಬೆಳಿಗ್ಗೆ ಅಪ್ಪ ಕಟ್ಟುತ್ತಿದ್ದ. ಕಟ್ಟುವಾಗ ಕೆಮ್ಮುತ್ತಿದ್ದ, ಮಳೆಯ ಬಗ್ಗೆ ಏನಾದರೂ ಮಾತಾಡುತ್ತಿದ್ದ. ಒಂದು ದಿನವೂ ಸಡಿಲ ಕಟ್ಟಲಿಲ್ಲ.

ಈಗ ಅಜ್ಜ ಇಲ್ಲ. ನಾನು ಕಾರವಾರದ ಹತ್ತಿರ ಶಿರವಾಡದಲ್ಲಿದ್ದೇನೆ, ಶಾಲೆಯಲ್ಲಿ ಮಕ್ಕಳಿಗೆ ಬಲಗೈಯಲ್ಲೇ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಅಕ್ಷರ ಚೆಂದ ಅಂತ ಹೆಸರೂ ಇದೆ. ವಿಠ್ಠಲ ಬಂದುಹೋದವರಿಗೆಲ್ಲ ತಾನು ಹುಡುಗನಾಗಿದ್ದಾಗ ಹಿಡಿದ ಚೊಣಕದ ಕತೆ ಹೇಳುತ್ತಾನೆ. ಕತೆ ಈಗ ಅವನಿಗೇ ನಿಜವಾಗಿದೆ. ಅವನು ಹೇಳುವಾಗ ನಾನು ಎದ್ದು ಹೋಗಿ ಚಾ ಇಡುತ್ತೇನೆ. ಆ ಗಜನಿಯೂ ಪಾಳುಬಿದ್ದಿದೆ, ಬಾಗಿಲು ಕೊಳೆತುಹೋಗಿದೆ, ಅದರ ಬಗ್ಗೆ ಮರುಗುವವರು ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಕಳಕೊಂಡದ್ದಕ್ಕೆ ಮರುಗುವವರು ಯಾರೂ ಇಲ್ಲ, ಯಾಕೆಂದರೆ ಅದು ಇನ್ನೂ ನನ್ನ ಭುಜಕ್ಕೇ ಜೋತುಕೊಂಡಿದೆ.

ಕಳೆದ ಮಳೆಗಾಲ ಊರಿಗೆ ಹೋದಾಗ ವಿಠ್ಠಲ ಹೊಳೆದಂಡೆಯಲ್ಲಿ ಹೊಸ ಕೋಲು ಹಿಡಿದು ನಿಂತಿದ್ದ. ಅಪ್ಪ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿದ್ದ. "ಒಂದ್ಸಲ ಎಸಿ ನೋಡ್ವ, ಮಂಗಲಾ," ಎಂದು ವಿಠ್ಠಲ ಕೋಲನ್ನು ನನ್ನ ಕಡೆ ಚಾಚಿದ. ತೆಗೆದುಕೊಂಡೆ, ಎಸೆದೆ. ಹೆಚ್ಚು ದೂರ ಹೋಗಲಿಲ್ಲ.

ಅಪ್ಪನ ಮುಖದಲ್ಲಿ ಸಮಾಧಾನವೋ ಸಮಾಧಾನ. "ನೋಡ್ದ್ಯಾ," ಎಂದು ವಿಠ್ಠಲನಿಗೆ ಹೇಳಿದ, "ಈಗ ಯಾರೂ ಹೇಳ್ದೇ ಬಲಗೈಲೇ ಹಿಡೀತಾಳೆ."

ಅವನು ಹೇಳುವವರೆಗೆ ನನಗದು ಗೊತ್ತೇ ಆಗಿರಲಿಲ್ಲ.