ಕೆರೆಗೆ ಇಳಿದವಳ ನಗು

ನಾನು ಮದುವೆಯಾದ ವರ್ಷ ನುಗ್ಗೇಹಳ್ಳಿ ಹತ್ತಿರದ ಗಂಡನ ಊರಿನಲ್ಲಿ ಕೆರೆ ತುಂಬಿತ್ತು. ಹೊಸ ಸೊಸೆ ಕೆರೆಗೆ ಬಾಗಿನ ಬಿಟ್ಟು ಮನೆಗೆ ಬರುವವರೆಗೂ ಮಾತಾಡಬಾರದು ಎಂಬುದು ಅಲ್ಲಿನ ರೂಢಿ. ಹಿಂದೆ ಕೆರೆಯಲ್ಲಿ ನೀರು ನಿಲ್ಲಲೆಂದು ಒಬ್ಬ ಸೊಸೆಯನ್ನು ಬಲಿ ಕೊಟ್ಟರಂತೆ. ಅವಳು ತುಟಿ ಪಿಟಕ್ಕೆನ್ನದೆ ನಗುನಗುತ್ತಾ ಇಳಿದಳಂತೆ. ನಾನೂ ತೆಪ್ಪಗೆ ಹೋಗಿ ಬಂದೆ.

ಈಚೆಗೆ ಗ್ರೀಸ್ ದೇಶದ ಹಳೆಯ ಕಥೆಯೊಂದನ್ನು ಓದಿದೆ. ಸೇತುವೆ ನಿಲ್ಲಲೆಂದು ಮೇಸ್ತ್ರಿ ತನ್ನ ಹೆಂಡತಿಯನ್ನೇ ಒಳಗಿಟ್ಟು ಕಲ್ಲು ಕಟ್ಟುತ್ತಾನೆ. ಅಲ್ಲೂ ಬಲಿಗೆ ಬೇಕಾದದ್ದು ಹೆಂಗಸೇ. ಆದರೆ ಅವಳು ಅಳುತ್ತಾಳೆ, ಸೇತುವೆಗೆ ಶಾಪ ಹಾಕುತ್ತಾಳೆ. ಆ ಜನ ಅವಳ ಕೂಗನ್ನಾದರೂ ಕಥೆಯಲ್ಲಿ ಉಳಿಸಿದ್ದಾರೆ. ನಮ್ಮವರು ಜೀವದ ಜೊತೆಗೆ ಬಾಯನ್ನೂ ಕಿತ್ತುಕೊಂಡು, ಮೇಲೊಂದು ನಗು ಅಂಟಿಸಿದ್ದಾರೆ.

ಈ ವರ್ಷ ಮತ್ತೆ ಕೆರೆ ತುಂಬಿತು. ಮೈದುನನ ಹೊಸ ಹೆಂಡತಿಯ ಕೈಗೆ ಬಾಗಿನದ ಮೊರ ಕೊಡುತ್ತಾ ಅತ್ತೆ ಅದೇ ಕಥೆ ಹೇಳಿದರು.

"ಅವಳು ನಕ್ಕಿದ್ದನ್ನ ನೋಡಿದ್ದು ಯಾರು ಅತ್ತೆ?" ಎಂದೆ.

"ಇನ್ಯಾರು ಕಣವ್ವ? ಏರಿ ಮ್ಯಾಲೆ ನಿಂತು ಅವ್ಳನ್ನ ಇಳ್ಸಿದೋರು. ಅವ್ಳ ಮಾವ, ಗಂಡ. ಅವ್ರೇ ಬಂದು ಯೋಳಿದ್ದು."